ಪಂಡಿತರು ದಾಸರಾದ ಕಥೆ

ಸಾಹಿತ್ಯಚರಿತ್ರೆಯನ್ನು ಪಾಠ ಹೇಳುವ ನನ್ನಂಥವರಿಗೆ ಹದಿನೆಂಟನೆಯ ಶತಮಾನವೆಂದರೆ ಅವಸರದಿಂದ ದಾಟಿಬಿಡುವ ಬಯಲು. ಚಿಕದೇವರಾಜರ ಆಸ್ಥಾನವನ್ನು ಮುಗಿಸಿ ಮುದ್ದಣನತ್ತ ಧಾವಿಸುವುದು ವಾಡಿಕೆ. ಹೋದ ವರ್ಷ ಅಮದಳ್ಳಿಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು, ನಡುವಿನ ಆ ಕಾಲದಲ್ಲಿ ಕನ್ನಡಕ್ಕೆ ಕವಿಗಳೇ ಇರಲಿಲ್ಲವೆ ಎಂದು ಕೇಳಿದಳು. ದಾಸರ ಪದಗಳುಂಟು, ಆದರೆ ಅವು ಭಕ್ತಿಯೇ ಹೊರತು ಕಾವ್ಯವಲ್ಲ ಎಂದುಬಿಟ್ಟೆ. ಮನೆಯಲ್ಲಿ ಕೊಂಕಣಿಯನ್ನಾಡಿ, ಕನ್ನಡವನ್ನು ಶಾಲೆಯಲ್ಲಿ ಕಲಿತ ಹುಡುಗಿ. ನನ್ನ ಮಾತನ್ನು ನಂಬಿ ಬರೆದುಕೊಂಡಳು. ಅವಳು ಬರೆದುಕೊಂಡದ್ದೇ ನನ್ನನ್ನು ಕಾಡತೊಡಗಿತು. ಅದೇ ಮಾತನ್ನು ಮಾನವಿಯ ಒಬ್ಬ ಪಂಡಿತರೂ ಒಂದು ಕಾಲಕ್ಕೆ ನಂಬಿದ್ದರೆಂಬುದು ಆಗ ನೆನಪಾಯಿತು.

ರಾಯಚೂರು ಸೀಮೆಯ ಮಾನವಿಗೆ ಸಮೀಪದ ಬ್ಯಾಗವಾಟದಲ್ಲಿ 1728ರಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು ಎಳವೆಯಲ್ಲಿಯೇ ಸಂಸ್ಕೃತದಲ್ಲಿ ಹೆಸರಾದವರು. ಮಂತ್ರಾಲಯ ಪರಂಪರೆಯ ವರದೇಂದ್ರತೀರ್ಥರಲ್ಲಿ ವೇದಾಂತವನ್ನು ಓದಿ ಶಿಷ್ಯರಿಗೆ ಪಾಠ ಹೇಳುತ್ತಿದ್ದರು. ಗೆಜ್ಜೆ ಕಟ್ಟಿ, ತಂಬೂರಿ ಹಿಡಿದು, ಕನ್ನಡದಲ್ಲಿ ಹಾಡುತ್ತ ಬೀದಿಯಲ್ಲಿ ನಡೆಯುವ ದಾಸರೆಂದರೆ ಅವರಿಗೆ ತಾತ್ಸಾರ. ಶಾಸ್ತ್ರದ ಅರ್ಥವನ್ನು ಆಡುಮಾತಿಗೆ ಇಳಿಸುವುದು ಶಾಸ್ತ್ರಕ್ಕೇ ಅಗೌರವವೆಂದು ಅವರ ಭಾವನೆ.

ಆ ದಿನಗಳಲ್ಲಿ ದಾಸಪಂಥದ ಹಿರಿಯರೆಂದರೆ ವಿಜಯದಾಸರು (1682–1755). ಅವರು ಮಾನವಿಗೆ ಬಂದಾಗ ಶ್ರೀನಿವಾಸಾಚಾರ್ಯರನ್ನೂ ಊಟಕ್ಕೆ ಆಹ್ವಾನಿಸಿದರೆಂದು ಸಂಪ್ರದಾಯ ಹೇಳುತ್ತದೆ. ದಾಸರ ಪಂಕ್ತಿಯಲ್ಲಿ ಕೂಡಲು ಮನಸ್ಸಿಲ್ಲದ ಪಂಡಿತರು ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರಂತೆ. ನೆಪವಾಗಿದ್ದ ನೋವು ಕೆಲವು ಕಾಲದಲ್ಲಿಯೇ ನಿಜವಾಯಿತು. ಅನ್ನ ಸೇರದೆ ದೇಹ ಸೊರಗಿತು. ಕಡೆಗೆ ವಿಜಯದಾಸರ ಬಳಿಗೇ ಹೋಗಬೇಕಾಯಿತು. ಅವರು ಪಂಡಿತರನ್ನು ಉತ್ತನೂರಿನ ತಮ್ಮ ಶಿಷ್ಯ ಗೋಪಾಲದಾಸರಲ್ಲಿಗೆ ಕಳಿಸಿದರು.

ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಈ ರೋಗಿಗೆ ಧಾರೆ ಎರೆದರೆಂಬುದು ಜನಜನಿತ ಕಥೆ. ಅವರು 1762ರಲ್ಲಿ, ನಲವತ್ತರ ಸುಮಾರಿನಲ್ಲಿಯೇ, ತೀರಿಕೊಂಡರು. ಶ್ರೀನಿವಾಸಾಚಾರ್ಯರು 1809ರವರೆಗೆ ಬಾಳಿದರು. ಆಯುರ್ದಾನವನ್ನು ನಂಬುವವರು ನಂಬಲಿ. ನನ್ನ ಕಣ್ಣಿಗೆ ಎದ್ದುಕಾಣುವುದು ಬೇರೊಂದು ಸಂಗತಿ: ತಾನು ಹಳಿದ ಕನ್ನಡದ ಹಾಡುಗಾರರಿಂದಲೇ ಬದುಕು ಮರಳಿ ಬಂದಿತೆಂದು ಆ ಪಂಡಿತರು ಕೊನೆಯವರೆಗೂ ಮರೆಯಲಿಲ್ಲ. ಪಂಢರಪುರಕ್ಕೆ ಹೋಗಿ, ಚಂದ್ರಭಾಗೆಯಲ್ಲಿ ಮಿಂದು, ಜಗನ್ನಾಥವಿಠಲನೆಂಬ ಅಂಕಿತ ಪಡೆದು, ಜಗನ್ನಾಥದಾಸರಾಗಿ ಮಾನವಿಗೆ ಹಿಂದಿರುಗಿದರು.

ಕಲಿತ ಶಾಸ್ತ್ರವನ್ನು ಅವರು ತೊರೆಯಲಿಲ್ಲ. ಅದನ್ನೇ ಕನ್ನಡಕ್ಕೆ ತಂದರು. ಹೆಂಗಸರ ಹಾಡಿನ ಧಾಟಿಗೆ ಒಗ್ಗುವ ತ್ರಿಪದಿಗಳಲ್ಲಿ ತತ್ವಸುವ್ವಾಲಿ ರಚಿಸಿದರು. ಕುಮಾರವ್ಯಾಸನ ಭಾಮಿನೀ ಷಟ್ಪದಿಯನ್ನು ಎತ್ತಿಕೊಂಡು 32 ಸಂಧಿಗಳ ಹರಿಕಥಾಮೃತಸಾರವನ್ನು ಕಟ್ಟಿದರು. ಯುದ್ಧವೂ ಶೃಂಗಾರವೂ ಇಲ್ಲದ ಈ ಕೃತಿಯಲ್ಲಿ ಮಧ್ವಸಿದ್ಧಾಂತದ ತೊಡಕಿನ ವಿಚಾರಗಳು ಬರುತ್ತವೆ. ಕೆಲವೆಡೆ ಪರಿಭಾಷೆಯ ಭಾರಕ್ಕೆ ಪದ್ಯ ಬಳಲುವುದೂ ನಿಜವೇ. ಆದರೆ ದೇವರ ಕರುಣೆಯನ್ನು ಹೇಳುವ ಎರಡನೆಯ ಸಂಧಿಯಲ್ಲಿ ಆ ಭಾರವೆಲ್ಲ ಇಳಿದುಹೋಗಿ ಮಾತು ತಾನಾಗಿ ಹರಿಯುತ್ತದೆ. ನಾಲ್ಕನೆಯದು ಭೋಜನವನ್ನು ಕುರಿತ ಸಂಧಿ. ಎಲೆಯ ಮೇಲಿನ ಒಂದೊಂದು ಪದಾರ್ಥಕ್ಕೂ ಅಧಿದೇವತೆಯನ್ನು ಹೇಳಿ, ಉಣ್ಣುವುದನ್ನೇ ಪೂಜೆಯಾಗಿಸುತ್ತದೆ. ಒಂದು ಊಟವನ್ನು ತಿರಸ್ಕರಿಸಿದ ಮನುಷ್ಯ ಬರೆದ ಸಂಧಿಯಿದು ಎಂದು ನೆನೆದರೆ ಓದುವ ರೀತಿಯೇ ಬೇರೆಯಾಗುತ್ತದೆ.

1763ರಲ್ಲಿ ಬಿದನೂರು ಹೈದರನ ವಶವಾಯಿತು. ಅದರ ಬೆನ್ನಿಗೆ ನಮ್ಮ ಈ ಕರಾವಳಿಯ ಒಡೆಯರಾಗಿದ್ದ ಸೋದೆಯ ಅರಸರೂ ನೆಲೆ ಕಳೆದುಕೊಂಡರು. ಆಸ್ಥಾನಗಳು ಹೀಗೆ ಅಳಿಯುತ್ತಿದ್ದ ಕಾಲದಲ್ಲಿ ಕಾವ್ಯವು ಮಾನವಿಯಂಥ ಊರುಗಳ ಮನೆಯಂಗಳದಲ್ಲಿ ಉಳಿದುಕೊಂಡಿತ್ತು. ಅದನ್ನು ಹಾಡಿ, ಬಾಯಿಪಾಠ ಮಾಡಿ ಕಾಪಾಡಿದವರಲ್ಲಿ ಅಕ್ಷರವರಿಯದ ಹೆಂಗಸರೂ ಇದ್ದರು. ಮುಂದೆ ವಿದ್ವಾಂಸರು ಈ ಕನ್ನಡ ಕೃತಿಗೆ ಸಂಸ್ಕೃತದಲ್ಲಿಯೂ ವ್ಯಾಖ್ಯಾನ ಬರೆದರು.

ಮರುವಾರ ತರಗತಿಯಲ್ಲಿ ಈ ಕಥೆಯನ್ನು ಹೇಳಿ, ನನ್ನ ಹಿಂದಿನ ಮಾತು ತಪ್ಪೆಂದು ಒಪ್ಪಿಕೊಂಡೆ. ಅಮದಳ್ಳಿಯ ಹುಡುಗಿ ಹಳೆಯ ಪುಟವನ್ನು ತೆರೆದು ಆ ವಾಕ್ಯದ ಮೇಲೆ ಗೆರೆ ಎಳೆದಳು. ಅಳಿಸಿಹೋಗುವಷ್ಟು ದಪ್ಪವಾಗಿ ಅಲ್ಲ. ಓದಲು ಬರುವಂತೆಯೇ ಬಿಟ್ಟಳು. ಅದೇ ಸರಿಯೆಂದು ನನಗೂ ತೋರಿತು.