ಮರಳಿ ಬಾರದ ಸೊಲ್ಲಾಪುರದ ಡಾಕ್ಟರು



ಕೃಷ್ಣಾ ಸ್ಟೇಷನ್ನಿನಲ್ಲಿ ರೈಲು ಹತ್ತಿ ಯಾದಗಿರಿ, ವಾಡಿ, ಕಲಬುರಗಿ ದಾಟಿದರೆ ಸೊಲ್ಲಾಪುರ. ನಮ್ಮ ನಾರಾಯಣಪೇಟೆಯಂತೆ ಅದೂ ಮಗ್ಗದ ಊರು, ಗಡಿಯ ಊರು. ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಅಲ್ಲಿ ಒಂದೇ ಬಜಾರಿನಲ್ಲಿ ಕೇಳಿಬರುತ್ತವೆ. ಆ ಊರಿನಲ್ಲಿ 1910ರ ಅಕ್ಟೋಬರ್ 10ರಂದು ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನಿಸ್ ಅವರನ್ನು ಈ ಸಲ ನೆನೆಯುತ್ತಿದ್ದೇವೆ.

ಕೋಟ್ನಿಸ್ ಮುಂಬಯಿಯ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜಿನಲ್ಲಿ ಓದಿ ವೈದ್ಯರಾದರು. 1937ರಲ್ಲಿ ಜಪಾನ್ ದೇಶವು ಚೀನಾದ ಮೇಲೆ ದಂಡೆತ್ತಿ ಹೋಯಿತು. ಗಾಯಾಳುಗಳನ್ನು ನೋಡಲು ವೈದ್ಯರು ಸಾಲದೆ, ಚೀನಾದ ಸೇನಾನಿ ಝೂ ದೆ ಅವರು ನೆಹರೂ ಅವರಿಗೆ ಪತ್ರ ಬರೆದು ನೆರವು ಕೋರಿದರು. ಆಗ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷ್‌ಚಂದ್ರ ಬೋಸರು ಜನರಿಗೆ ಕರೆ ಕೊಟ್ಟು ಹಣ ಕೂಡಿಸಿದರು. ನಮ್ಮ ದೇಶವೇ ಪರರ ಆಳ್ವಿಕೆಯಲ್ಲಿದ್ದ ಕಾಲ ಅದು. 1938ರ ಸೆಪ್ಟೆಂಬರಿನಲ್ಲಿ ಐವರು ವೈದ್ಯರ ತಂಡ ಮುಂಬಯಿಯಿಂದ ಹಡಗು ಹತ್ತಿತು. ಅಲಹಾಬಾದಿನ ಅಟಲ್, ನಾಗಪುರದ ಚೋಲ್ಕರ್, ಕಲ್ಕತ್ತೆಯ ಬಸು ಮತ್ತು ಮುಖರ್ಜಿ, ಇವರ ಜೊತೆಗೆ ಕೋಟ್ನಿಸ್. ಅವರಿಗೆ ಇನ್ನೂ 28 ತುಂಬಿರಲಿಲ್ಲ.

ಚೀನಾದಲ್ಲಿದ್ದಾಗಲೇ ತಂದೆ ತೀರಿಕೊಂಡ ಸುದ್ದಿ ಬಂತು. ಊರಿಗೆ ಹೊರಟಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಹೊರಡಲಿಲ್ಲ. ಉತ್ತರ ಚೀನಾದ ಬೆಟ್ಟಗಾಡಿನ ಹಳ್ಳಿಗಳಲ್ಲಿ ಎಂಟನೇ ಮಾರ್ಗ ಸೇನೆಯೊಡನೆ ನಡೆದರು. 1940ರಲ್ಲಿ ಒಂದು ಕಾಳಗದ ಹೊತ್ತಿಗೆ 72 ಗಂಟೆ ನಿದ್ದೆಯಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿದರು. ಕೆನಡಾದಿಂದ ಬಂದು ಅಲ್ಲೇ ಮಡಿದ ಡಾ. ನಾರ್ಮನ್ ಬೆಥೂನ್ ಹೆಸರಿನ ಆಸ್ಪತ್ರೆಗೆ 1941ರಲ್ಲಿ ಮುಖ್ಯಸ್ಥರಾದರು. ಸೈನಿಕರಷ್ಟೇ ಅಲ್ಲ, ಸುತ್ತಲಿನ ರೈತರೂ ಅವರ ಬಳಿಗೆ ಬಂದರು. ಯುದ್ಧದ ವೈದ್ಯರು ಹಳ್ಳಿಯ ಡಾಕ್ಟರೂ ಆದರು.

ಇಷ್ಟೆಲ್ಲ ಆದದ್ದು ಅವರು ಆ ಜನರ ಮಾತು ಕಲಿತದ್ದರಿಂದ. ಚೀನೀ ಭಾಷೆ ಕಲಿತು, ರೋಗಿಗಳೊಡನೆ ಮಾತಾಡಿ, ಅದರಲ್ಲೇ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ಅಲ್ಲಿಯ ನರ್ಸ್ ಗುವೊ ಚಿಂಗ್‌ಲಾನ್ ಅವರನ್ನು ಮದುವೆಯಾದರು. 1942ರ ಆಗಸ್ಟಿನಲ್ಲಿ ಹುಟ್ಟಿದ ಮಗನಿಗೆ ಭಾರತ ಮತ್ತು ಚೀನಾ ಎರಡನ್ನೂ ಸೂಚಿಸುವ ಯಿನ್‌ಹುವಾ ಎಂಬ ಹೆಸರಿಟ್ಟರು. ಅದೇ ವರ್ಷ ಡಿಸೆಂಬರ್ 9ರಂದು, 32ನೇ ವಯಸ್ಸಿನಲ್ಲಿ, ಮೂರ್ಛೆರೋಗದಿಂದ ತೀರಿಕೊಂಡರು. ಉಳಿದ ನಾಲ್ವರು ಸ್ವದೇಶ ಸೇರಿದರು. ಕೋಟ್ನಿಸರ ಸಮಾಧಿ ಇಂದು ಚೀನಾದ ಶಿಜಿಯಾಜ್ವಾಂಗ್ ನಗರದಲ್ಲಿದೆ. 1946ರಲ್ಲಿ ವಿ. ಶಾಂತಾರಾಮ್ ಅವರ ಬಾಳಿನ ಮೇಲೆ ಹಿಂದಿ ಚಿತ್ರ ತೆಗೆದರು. ಸೊಲ್ಲಾಪುರದಲ್ಲಿ ಅವರ ಸ್ಮಾರಕವಿದೆ. ಆ ಕಡೆ ಹೋದವರು ನೋಡಿ ಬನ್ನಿ.

ಮಕ್ತಲ್, ಗದ್ವಾಲ, ನಾರಾಯಣಪೇಟೆಯ ಹಳ್ಳಿಗಳಲ್ಲಿ ಕನ್ನಡ ಮಾತ್ರ ಬಲ್ಲ ಹಿರಿಯರು ಇನ್ನೂ ಇದ್ದಾರೆ. ದವಾಖಾನೆಯಲ್ಲಿ ಎಲ್ಲಿ ನೋವು, ಎಷ್ಟು ದಿನದಿಂದ ಎಂದು ತೆಲುಗಿನಲ್ಲಿ ಕೇಳಿದರೆ ಸುಮ್ಮನೆ ತಲೆಯಾಡಿಸಿ, ಗುಳಿಗೆ ತಗೊಂಡು ಬಂದುಬಿಡುತ್ತಾರೆ. ಎರಡೂ ಭಾಷೆ ಬಲ್ಲ ಸದಸ್ಯರು ಅಂಥವರ ಜೊತೆ ಒಂದು ತಾಸು ಹೋಗಿ ನಿಲ್ಲಬೇಕೆಂದು ಕೋರುತ್ತೇವೆ. ಹೋಗಬಲ್ಲವರು ನಮಗೆ ಹೆಸರು ತಿಳಿಸಿರಿ, ಊರುವಾರು ಪಟ್ಟಿ ಮಾಡಿ ಇಡುತ್ತೇವೆ.

— ಕಾರ್ಯದರ್ಶಿ