ಪಕ್ಷಿಬಂಧು ಸಲೀಂ ಅಲಿ

ಭಾರತದ ಹಕ್ಕಿಗಳ ವಿಚಾರ ಬಂದಾಗ ಮೊದಲು ನೆನಪಾಗುವ ಹೆಸರು ಡಾ. ಸಲೀಂ ಅಲಿಯವರದು. ಇವರು 1896ನೇ ಇಸವಿ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ಎಳವೆಯಲ್ಲಿಯೇ ತಂದೆತಾಯಿಯರನ್ನು ಕಳೆದುಕೊಂಡ ಇವರನ್ನು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರು ಸಾಕಿದರು.

ಬಾಲಕ ಸಲೀಂ ಒಂದು ದಿನ ಏರ್‌ಗನ್ನಿನಿಂದ ಗುಬ್ಬಿಯೊಂದನ್ನು ಹೊಡೆದುರುಳಿಸಿದನು. ಎತ್ತಿ ನೋಡಿದರೆ ಅದರ ಕೊರಳಲ್ಲಿ ಹಳದಿ ಮಚ್ಚೆ! ಅಂಗಳದ ಗುಬ್ಬಿಗಳಿಗೆ ಅದಿಲ್ಲ. ಇದು ಯಾವ ಹಕ್ಕಿಯೆಂದು ಮಾವನಿಗೂ ತಿಳಿಯದು. ಅವರು ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡ್ ಸಾಹೇಬರು ಹೆಸರು ಹೇಳಿದ್ದಲ್ಲದೆ, ಕಪಾಟುಗಳಲ್ಲಿದ್ದ ಹಕ್ಕಿಗಳ ಸಂಗ್ರಹವನ್ನೂ ತೋರಿಸಿದರು. ಅಂದೇ ಹುಡುಗನಿಗೆ ಹಕ್ಕಿಗಳ ಹುಚ್ಚು ಹಿಡಿಯಿತು.

ಮುಂದೆ ಬರ್ಮಾದಲ್ಲಿ ವ್ಯಾಪಾರ, ಬರ್ಲಿನ್ನಿನಲ್ಲಿ ಪಕ್ಷಿಶಾಸ್ತ್ರದ ಅಭ್ಯಾಸ. ಮರಳಿ ಬಂದಾಗ ಉದ್ಯೋಗವಿರಲಿಲ್ಲ. ಅವರು ಎದೆಗುಂದದೆ ಕಿಹಿಂ ಎಂಬ ಕಡಲ ತೀರದ ಹಳ್ಳಿಯಲ್ಲಿ ಕುಳಿತು ಗೀಜಗನ ಗೂಡುಗಳನ್ನು ನೋಡುತ್ತಾ 1930ರ ಮಳೆಗಾಲ ಕಳೆದರು. ಆ ಅಧ್ಯಯನವೇ ಅವರಿಗೆ ಕೀರ್ತಿ ತಂದಿತು. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನೂ ಅವರು ನಡೆಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾದುದು ಅವರ ಒತ್ತಾಯದಿಂದಲೇ.

1941ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ ಹಕ್ಕಿಗಳ ಗಾತ್ರ, ಬಣ್ಣ, ಗೂಡುಗಳೊಡನೆ ಆಹಾರದ ವಿವರವೂ ಇದೆ. ಇದು ಸಣ್ಣ ವಿಷಯವಲ್ಲ. ನಮ್ಮ ಮುಳ್ಳೇರಿಯದ ಅಡಿಕೆ ತೋಟದಲ್ಲಿ ಸೋತು ಬಿದ್ದ ಮಿಂಚುಳ್ಳಿಯ ಮುಂದೆ ಅಕ್ಕಿ ಚೆಲ್ಲಿದರೆ ಏನು ಪ್ರಯೋಜನ? ಅದಕ್ಕೆ ಬೇಕಾದುದು ಮೀನು, ಹುಳು. ಹಾಲೆರೆಯುವವರೂ ಇದ್ದಾರೆ, ಹಕ್ಕಿಯೇನು ಹಸುವಿನ ಕರುವೇ? ಸೋತ ಹಕ್ಕಿಗೆ ಮೊದಲು ಬೇಕಾದುದು ಬೆಚ್ಚನೆಯ ಜಾಗ. ತೂತುಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಕತ್ತಲೆಯಲ್ಲಿ ಸದ್ದಿಲ್ಲದೆ ಇಡಬೇಕು. ಕೊಕ್ಕು ತೆರೆದು ನೀರು ಹೊಯ್ದರೆ ಅದು ಶ್ವಾಸನಾಳಕ್ಕೆ ಹೋಗಿ ಪ್ರಾಣವೇ ಹೋದೀತು. ಮೈ ಬೆಚ್ಚಗಾಗುವ ಮೊದಲು ತಿನ್ನಿಸಲೂ ಬಾರದು. ಅಷ್ಟರಲ್ಲಿ ಪಶುವೈದ್ಯರಿಗೋ ಅರಣ್ಯ ಇಲಾಖೆಯವರಿಗೋ ತಿಳಿಸಬೇಕು. ಹಾರಲು ಕಲಿಯುತ್ತಿರುವ ಮರಿಯಾದರೆ ಹತ್ತಿರದ ಕೊಂಬೆಯ ಮೇಲಿಟ್ಟು ದೂರ ಸರಿದರೆ ಸಾಕು, ತಾಯಿಹಕ್ಕಿ ಅಲ್ಲೇ ಇರುತ್ತದೆ.

ಸಲೀಂ ಅಲಿಯವರಿಗೆ 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಬಂದವು. ಡಿಲನ್ ರಿಪ್ಲಿಯವರೊಡನೆ ಅವರು ಬರೆದ ಹಕ್ಕಿಗಳ ಕೈಪಿಡಿ ಹತ್ತು ಸಂಪುಟಗಳಷ್ಟಿದೆ. 1987ನೇ ಜೂನ್ 20ರಂದು, ತೊಂಬತ್ತು ತುಂಬಿದ ಮೇಲೆ, ಅವರು ತೀರಿಕೊಂಡರು.

ಅವರು ಸಮೀಕ್ಷೆ ಮಾಡಿದ ಆ ಮೈಸೂರು ಸೀಮೆಯಲ್ಲಿಯೇ, ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ, ಹೆಜ್ಜಾರ್ಲೆಗಳು ಊರೊಳಗಿನ ಮರಗಳಲ್ಲಿ ಗೂಡು ಕಟ್ಟುತ್ತವೆ. ಗೂಡಿನಿಂದ ಬಿದ್ದ ಮರಿಗಳನ್ನು 1990ರ ದಶಕದಲ್ಲಿ ಊರಿನ ಯುವಕರು ಎತ್ತಿ ತಂದು, ಬೇಲಿಯೊಳಗಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿಯುವ ತನಕ ಸಾಕಿದರು.