ಎಲೀ ಮೆಚ್ನಿಕಾಫ್: ಮೀನಿನ ಪ್ರೊಬಯಾಟಿಕ್ ಆಹಾರದ ಹಿಂದಿನ ವಿಜ್ಞಾನಿ

ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ತೋಟದ ಕೆರೆಗಳಲ್ಲಿ, ಕೃಷಿ ಹೊಂಡಗಳಲ್ಲಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಸಾಕುವ ನಿಮಗೆ ಪ್ರೊಬಯಾಟಿಕ್ ಪುಡಿ ಹೊಸದಲ್ಲ. ಮೀನಿನ ಆಹಾರಕ್ಕೆ ಬೆರೆಸುವ ಈ ಉಪಕಾರಿ ಸೂಕ್ಷ್ಮಾಣುಗಳ ವಿಚಾರಕ್ಕೆ ನೂರು ವರ್ಷಕ್ಕೂ ಮಿಗಿಲಾದ ಇತಿಹಾಸವಿದೆ. ಅದರ ಮೂಲಪುರುಷ ಎಲೀ ಮೆಚ್ನಿಕಾಫ್. ಅವರ ಬದುಕನ್ನು ಅರಿತರೆ, ಈ ಪುಡಿ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದೂ ಸ್ಪಷ್ಟವಾಗುತ್ತದೆ.

ಮೆಚ್ನಿಕಾಫ್ 1845ರಲ್ಲಿ ಇಂದಿನ ಯುಕ್ರೇನಿನ ಖಾರ್ಕಿವ್ ಸಮೀಪದ ಹಳ್ಳಿಯಲ್ಲಿ ಜನಿಸಿದರು. ಒಡೆಸ್ಸಾದಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾದರು. ಗೋಧಿ ಬೆಳೆಗೆ ಹಾನಿ ಮಾಡುತ್ತಿದ್ದ ದುಂಬಿಯನ್ನು ಹಸಿರು ಶಿಲೀಂಧ್ರವೊಂದು ಕೊಲ್ಲುವುದನ್ನು 1879ರಲ್ಲಿ ವಿವರಿಸಿದರು. ಇಂದು ನೀವು ಗೊಣ್ಣೆಹುಳುವಿನ ಹತೋಟಿಗೆ ಬಳಸುವ ಮೆಟಾರೈಜಿಯಂ ಅದೇ ಶಿಲೀಂಧ್ರ.

1882ರಲ್ಲಿ ಹುದ್ದೆ ತೊರೆದು ಇಟಲಿಯ ಮೆಸ್ಸಿನಾಕ್ಕೆ ತೆರಳಿದರು. ಅಲ್ಲಿ ನಕ್ಷತ್ರ ಮೀನಿನ ಪಾರದರ್ಶಕ ಮರಿಯ ದೇಹಕ್ಕೆ ಗುಲಾಬಿಯ ಮುಳ್ಳು ಚುಚ್ಚಿದಾಗ, ಮರುದಿನ ಚಲಿಸುವ ಜೀವಕೋಶಗಳು ಅದನ್ನು ಮುತ್ತಿದ್ದವು. ರೋಗಾಣುಗಳನ್ನು ನುಂಗುವ ಕೋಶಗಳೇ ದೇಹದ ಕಾವಲು ಎಂಬ ಸಿದ್ಧಾಂತ ಹೀಗೆ ಹುಟ್ಟಿತು. ಮೀನುಮರಿಗಳ ಆಹಾರವಾದ ಡ್ಯಾಫ್ನಿಯಾದಲ್ಲೂ ಅವರು ಈ ಹೋರಾಟವನ್ನು ತೋರಿಸಿದರು. 1888ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯನ್ನು ಸೇರಿದ ಅವರಿಗೆ 1908ರಲ್ಲಿ ಪಾಲ್ ಎರ್ಲಿಕ್ ಅವರೊಡನೆ ನೊಬೆಲ್ ಪ್ರಶಸ್ತಿ ಸಂದಿತು.

ಕೊನೆಯ ವರ್ಷಗಳಲ್ಲಿ ಅವರ ಗಮನ ಕರುಳಿನತ್ತ ಹರಿಯಿತು. ಬಲ್ಗೇರಿಯದ ರೈತರ ದೀರ್ಘಾಯುಷ್ಯಕ್ಕೆ ಹುಳಿಹಾಲಿನ ಸೂಕ್ಷ್ಮಾಣುಗಳು ಕಾರಣವೆಂದು ಭಾವಿಸಿ, ತಾವೂ ಹುಳಿಹಾಲನ್ನು ನಿತ್ಯ ಸೇವಿಸಿದರು. 1916ರಲ್ಲಿ, 71ನೆಯ ವಯಸ್ಸಿನಲ್ಲಿ, ಪ್ಯಾರಿಸ್ಸಿನಲ್ಲಿ ನಿಧನರಾದರು.

ಅವರ ಎಲ್ಲ ಮಾತೂ ನಿಲ್ಲಲಿಲ್ಲ. ಆ ಸೂಕ್ಷ್ಮಾಣು ಕರುಳಿನಲ್ಲಿ ಶಾಶ್ವತವಾಗಿ ನೆಲೆಸದೆಂದು ಮುಂದೆ ತಿಳಿಯಿತು. ಆದರೆ ಉಪಕಾರಿ ಸೂಕ್ಷ್ಮಾಣುಗಳಿಂದ ಹಾನಿಕರವಾದವನ್ನು ಹಿಮ್ಮೆಟ್ಟಿಸಬಹುದೆಂಬ ಮೂಲ ವಿಚಾರ ಉಳಿದು, 1980ರ ದಶಕದಲ್ಲಿ ಮೀನು ಸಾಕಣೆಯನ್ನು ತಲುಪಿತು. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಬ್ಯಾಸಿಲಸ್ ಜಾತಿಯ ಸೂಕ್ಷ್ಮಾಣುಗಳು ಜೀರ್ಣಕ್ರಿಯೆಗೂ ನೆರವಾಗುತ್ತವೆ.

ಈ ಇತಿಹಾಸದಿಂದ ನೀವು ಗ್ರಹಿಸಬೇಕಾದ ಅಂಶಗಳು ಹೀಗಿವೆ. ಸೂಕ್ಷ್ಮಾಣುಗಳು ಶಾಶ್ವತವಾಗಿ ನೆಲೆಸದ ಕಾರಣ, ಒಮ್ಮೆ ಕೊಟ್ಟು ಬಿಡದೆ ಪೊಟ್ಟಣದಲ್ಲಿ ಸೂಚಿಸಿದ ಪ್ರಮಾಣದಲ್ಲಿ ನಿಯಮಿತವಾಗಿ ನೀಡಿರಿ. ಅವು ಜೀವಂತವಾದುದರಿಂದ, ಬೇಯಿಸಿದ ತೌಡು-ಹಿಂಡಿ ಪೂರ್ಣ ಆರಿದ ಬಳಿಕವೇ ಬೆರೆಸಿ, ನೆರಳಿನಲ್ಲಿ ಒಣಗಿಸಿರಿ. ಪ್ರತಿಜೀವಕ ಔಷಧಗಳು ಅವನ್ನೂ ಕೊಲ್ಲುತ್ತವೆ. ತಜ್ಞರ ಸಲಹೆಯಿಲ್ಲದೆ ಅಂಥ ಔಷಧ ಹಾಕದಿರಿ.

ಪ್ರೊಬಯಾಟಿಕ್ ಕೆಟ್ಟ ನೀರಿಗೆ ಪರಿಹಾರವಲ್ಲ. ಕಾಫಿ ಪಲ್ಪಿಂಗ್‌ನ ತ್ಯಾಜ್ಯ ನೀರು ಹೊಂಡಕ್ಕೆ ಸೇರಿದರೆ ಆಮ್ಲಜನಕ ಕುಸಿದು ಮೀನು ಸಾಯುತ್ತವೆ. ಯಾವ ಪುಡಿಯೂ ಅವನ್ನು ಉಳಿಸಲಾರದು. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ, ಆಹಾರ ನಿಲ್ಲಿಸಿ, ಕೂಡಲೇ ಹೊಸ ನೀರು ಹಾಯಿಸಿರಿ. ನಂತರ ನಿಮ್ಮ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯನ್ನು ಸಂಪರ್ಕಿಸಿರಿ.